ಮಿನ್ನೆಸೋಟದ ಸರೋವರಗಳಲ್ಲಿ ಗಾಳ ಹಾಕುವ ಕ್ರಮ: ಬ್ಲೂಗಿಲ್‌ನಿಂದ ವಾಲೈವರೆಗೆ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಹತ್ತು ಎಕರೆ ಅಥವಾ ಅದಕ್ಕಿಂತ ದೊಡ್ಡದಾದ ಸರೋವರಗಳು 11,842 ಇವೆ ಎಂಬುದು ಸರ್ಕಾರಿ ಲೆಕ್ಕ. ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಎಂಬ ಅವಳಿ ನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಮೀನು ಸಿಗುವ ನೀರು ದೂರವೇನಲ್ಲ. ಊರೊಳಗಿನ ಉದ್ಯಾನಗಳ ಸರೋವರಗಳಲ್ಲೇ ಬಾಸ್, ಪೈಕ್, ಬ್ಲೂಗಿಲ್ ಇವೆ; ದೋಣಿ ಇಲ್ಲದವರಿಗಾಗಿ ನೀರಿನ ಮೇಲೆ ಚಾಚಿದಂತೆ ಕಟ್ಟಿದ ಸಾರ್ವಜನಿಕ ಅಟ್ಟಣೆಗಳೂ ಹಲವು ಕಡೆ ಇವೆ. ಆದರೆ ನಮ್ಮ ಕಡೆಯ ಕೆರೆಗಳಲ್ಲಿ ಹಿಟ್ಟಿನ ಉಂಡೆ ಕಟ್ಟಿ ಗೆಂಡೆ, ರೋಹು, ಕಟ್ಲಾ ಹಿಡಿದು ಬಂದವರು ಇಲ್ಲಿಯೂ ಅದೇ ಕ್ರಮದಲ್ಲಿ ಕುಳಿತರೆ ಸಂಜೆಯವರೆಗೂ ಬೆಂಡು ಅಲುಗದೆ ಹೋಗಬಹುದು. ವಾಲೈ, ಪೈಕ್, ಬಾಸ್ ಮೂರೂ ಬೇಟೆಯಾಡಿ ತಿನ್ನುವ ಮೀನುಗಳು. ಎರೆ ಹಾಕಿ ಅವುಗಳನ್ನು ನಮ್ಮ ಬಳಿಗೆ ಕರೆಯುವುದಕ್ಕಿಂತ, ಆ ತಿಂಗಳಲ್ಲಿ, ಆ ಹೊತ್ತಿನಲ್ಲಿ ಅವು ಎಲ್ಲಿ ಬೇಟೆಗೆ ನಿಂತಿರುತ್ತವೆ ಎಂಬುದನ್ನು ತಿಳಿದು ನಾವೇ ಅಲ್ಲಿಗೆ ಹೋಗಬೇಕು.

ಹೊಸಬರು ನೇರವಾಗಿ ವಾಲೈ ಹಿಂದೆ ಬೀಳುವುದನ್ನು ನಾನು ಒಪ್ಪುವುದಿಲ್ಲ. ಅದು 1965ರಿಂದ ಈ ರಾಜ್ಯದ ಅಧಿಕೃತ ಮೀನು, ರುಚಿಯಲ್ಲಿಯೂ ಮೊದಲನೆಯದು, ಹಾಗಾಗಿ ಎಲ್ಲರ ಬಾಯಲ್ಲೂ ಅದರದೇ ಹೆಸರು. ಆದರೆ ಪ್ಯಾನ್‌ಫಿಶ್ ಎನ್ನುವ ಚಿಕ್ಕ ಮೀನುಗಳು, ಬಾಸ್, ಪೈಕ್, ವಾಲೈ ಈ ನಾಲ್ಕು ಬಗೆಗಳಲ್ಲಿ ಹಿಡಿಯಲು ಹೆಚ್ಚು ಕಷ್ಟವಾದದ್ದೂ ಅದೇ. ಬ್ಲೂಗಿಲ್ ಮತ್ತು ಕ್ರ್ಯಾಪಿಯಿಂದ ಆರಂಭಿಸಿ, ಬಾಸ್ ಮತ್ತು ಪೈಕ್ ದಾಟಿ, ಕೊನೆಗೆ ವಾಲೈಗೆ ಬರುವುದು ಸರಿಯಾದ ದಾರಿ. ಈ ಲೇಖನವೂ ಅದೇ ಕ್ರಮದಲ್ಲಿದೆ.

ಮೊದಲು ಪರವಾನಗಿ

16 ವರ್ಷ ತುಂಬಿದವರು ಗಾಳ ಹಾಕಲು ಪರವಾನಗಿ ಪಡೆಯಬೇಕು. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಜಾಲತಾಣದಲ್ಲಿಯೂ, ಎರೆ ಮಾರುವ ಅಂಗಡಿಗಳಲ್ಲಿಯೂ ಅದು ಸಿಗುತ್ತದೆ. ಪರವಾನಗಿಯ ವರ್ಷ ಮಾರ್ಚ್ 1ರಂದು ಆರಂಭವಾಗುತ್ತದೆ. ಬೇಸಿಗೆಯಲ್ಲಿ ಊರಿನಿಂದ ಬಂದ ಅಪ್ಪ ಅಮ್ಮನನ್ನು ಸರೋವರಕ್ಕೆ ಕರೆದುಕೊಂಡು ಹೋಗುವವರು ಒಂದು ವಿಷಯ ಗಮನಿಸಬೇಕು: ಕೋಲನ್ನು ಅವರ ಕೈಗೆ ಕೊಟ್ಟರೆ ಅವರೂ ಮೀನು ಹಿಡಿಯುತ್ತಿದ್ದಾರೆ ಎಂದೇ ಲೆಕ್ಕ. ಹೊರಗಿನವರಿಗೆ ಒಂದು ದಿನದ, ಮೂರು ದಿನದ, ಏಳು ದಿನದ ಪರವಾನಗಿಗಳಿವೆ. ಅದನ್ನು ಮೊದಲೇ ಮಾಡಿಸಿಡುವುದು ಒಳ್ಳೆಯದು. ತೆರೆದ ನೀರಿನಲ್ಲಿ ಒಬ್ಬರಿಗೆ ಒಂದೇ ದಾರ. ಎರಡು ಕೋಲು ಊರಿ ಕೂರುವ ಅಭ್ಯಾಸ ಇರುವವರು ಅದನ್ನು ಬಿಡಬೇಕಾಗುತ್ತದೆ.

ಬ್ಲೂಗಿಲ್, ಕ್ರ್ಯಾಪಿ, ಪರ್ಚ್ ಮೀನುಗಳನ್ನು ವರ್ಷವಿಡೀ ಹಿಡಿಯಬಹುದು. ವಾಲೈ ಮತ್ತು ಪೈಕ್ ಋತು ತೆರೆಯುವುದು ಮೇ ತಿಂಗಳ ಕೊನೆಯ ಮೆಮೋರಿಯಲ್ ಡೇ ವಾರಾಂತ್ಯಕ್ಕೆ ಎರಡು ವಾರ ಮುಂಚಿನ ಶನಿವಾರ. ಎಷ್ಟು ಮೀನು ಇಟ್ಟುಕೊಳ್ಳಬಹುದು, ಎಷ್ಟು ಉದ್ದದ್ದನ್ನು ಬಿಡಬೇಕು ಎಂಬ ನಿಯಮಗಳು ಮೀನಿನಿಂದ ಮೀನಿಗೆ, ಕೆಲವೊಮ್ಮೆ ಸರೋವರದಿಂದ ಸರೋವರಕ್ಕೆ ಬದಲಾಗುತ್ತವೆ. ಮಿಲ್ ಲ್ಯಾಕ್ಸ್ ಸರೋವರದ ವಾಲೈ ನಿಯಮವಂತೂ ವರ್ಷದಿಂದ ವರ್ಷಕ್ಕೆ ಬೇರೆಯಾಗುತ್ತದೆ. 1837ರ ಒಪ್ಪಂದದ ಪ್ರಕಾರ ಅಲ್ಲಿ ಮೀನು ಹಿಡಿಯುವ ಹಕ್ಕು ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರಿಗೂ ಇದೆ ಎಂದು 1999ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಬಳಿಕ, ಇಬ್ಬರ ಪಾಲನ್ನೂ ಲೆಕ್ಕ ಹಾಕಿಯೇ ಮಿತಿ ಗೊತ್ತುಮಾಡಲಾಗುತ್ತದೆ. ಆದ್ದರಿಂದ ಹೊರಡುವ ಹಿಂದಿನ ದಿನ ಆ ವರ್ಷದ ನಿಯಮ ಪುಸ್ತಕದಲ್ಲಿ ಆ ಸರೋವರದ ಹೆಸರನ್ನು ಹುಡುಕಿ ಓದಿಕೊಳ್ಳುವುದನ್ನು ರೂಢಿಸಿಕೊಳ್ಳಬೇಕು. ಅಳತೆ ಪಟ್ಟಿ ಸದಾ ಚೀಲದಲ್ಲಿರಲಿ.

ಮನೆಯಲ್ಲಿ ಕುಳಿತು ಸರೋವರವನ್ನು ಓದುವುದು

ಇಲಾಖೆಯ ಲೇಕ್‌ಫೈಂಡರ್ ಎಂಬ ತಾಣದಲ್ಲಿ ಸಾವಿರಾರು ಸರೋವರಗಳ ವಿವರವಿದೆ. ಬಹಳಷ್ಟಕ್ಕೆ ಆಳದ ನಕ್ಷೆಯೂ, ಇಲಾಖೆಯವರು ಬಲೆ ಹಾಕಿ ನಡೆಸಿದ ಮೀನಿನ ಸಮೀಕ್ಷೆಯೂ ಸಿಗುತ್ತವೆ. ಸಮೀಕ್ಷೆಯಲ್ಲಿ ವಾಲೈ ತೀರಾ ಕಡಿಮೆ ಇರುವ ಸರೋವರಕ್ಕೆ ವಾಲೈಗಾಗಿ ಹೋಗುವುದು ದಿನವನ್ನು ಕಳೆದುಕೊಂಡಂತೆ. ನಕ್ಷೆಯಲ್ಲಿ ಆಳದ ಗೆರೆಗಳು ಒತ್ತೊತ್ತಾಗಿರುವ ಕಡೆ ತಳ ಕಡಿದಾಗಿ ಇಳಿಯುತ್ತದೆ. ವಿರಳವಾಗಿರುವ ಕಡೆ ನೀರು ಬಯಲಿನಂತೆ ಹರಡಿರುತ್ತದೆ. ದಡದಿಂದ ನೀರಿನೊಳಕ್ಕೆ ಮೂಗಿನಂತೆ ಚಾಚಿದ ನೆಲ, ನಡುನೀರಿನಲ್ಲಿ ಎದ್ದು ನಿಂತ ದಿಬ್ಬ, ತೊರೆ ಬಂದು ಸೇರುವ ಬಾಯಿ, ಗಿಡಗಳ ಹಾಸು ಮುಗಿದು ಆಳ ಶುರುವಾಗುವ ಅಂಚು, ಇಷ್ಟನ್ನು ಪೆನ್ಸಿಲ್‌ನಿಂದ ಗುರುತು ಹಾಕಿಕೊಂಡರೆ ಆ ಸರೋವರದ ಮುಕ್ಕಾಲು ಪಾಲು ನೀರನ್ನು ಬಿಟ್ಟುಬಿಡಬಹುದು.

ಬೇಸಿಗೆಯ ನಡುವಿನಲ್ಲಿ ಆಳವಾದ ಸರೋವರಗಳ ನೀರು ಪದರವಾಗಿ ಬೇರ್ಪಡುತ್ತದೆ. ಮೇಲೆ ಬೆಚ್ಚನೆಯ ನೀರು, ಕೆಳಗೆ ತಣ್ಣನೆಯ ನೀರು, ಎರಡೂ ಬೆರೆಯುವುದಿಲ್ಲ. ಕೆಳಗಿನ ಪದರದಲ್ಲಿ ಆಮ್ಲಜನಕ ಕ್ರಮೇಣ ಮುಗಿದುಹೋಗುವುದರಿಂದ ಫಲವತ್ತಾದ ಸರೋವರಗಳಲ್ಲಿ ಆಗಸ್ಟ್ ಹೊತ್ತಿಗೆ ಅಲ್ಲಿ ಮೀನೇ ಇರುವುದಿಲ್ಲ. ಬಿಸಿಲು ಜಾಸ್ತಿಯಾದರೆ ಮೀನು ತಳಕ್ಕೆ ಹೋಗಿರುತ್ತದೆ ಎಂದು ಭಾವಿಸಿ ಅರವತ್ತು ಅಡಿ ಆಳಕ್ಕೆ ಗಾಳ ಬಿಡುವವರು ಈ ಕಾರಣವನ್ನು ತಿಳಿದಿರಬೇಕು.

ಬ್ಲೂಗಿಲ್ ಮತ್ತು ಕ್ರ್ಯಾಪಿ

ಬಾಣಲೆಯಲ್ಲಿ ಇಡಿಯಾಗಿ ಹಿಡಿಸುವಷ್ಟು ಚಿಕ್ಕ ಮೀನುಗಳಾದ್ದರಿಂದ ಇವುಗಳನ್ನು ಒಟ್ಟಾಗಿ ಪ್ಯಾನ್‌ಫಿಶ್ ಎನ್ನುತ್ತಾರೆ. ಸಲಕರಣೆ ಹಗುರವಾಗಿರಬೇಕು: ಆರು ಅಡಿಯೊಳಗಿನ ಸಣ್ಣ ಕೋಲು, 4 ಪೌಂಡ್ ತಡೆಯುವ ದಾರ, 8ನೇ ನಂಬರಿನ ಉದ್ದ ಕಾಲಿನ ಗಾಳ, ಗಾಳದಿಂದ ಅರ್ಧ ಅಡಿ ಮೇಲೆ ಒಂದೇ ಒಂದು ಸಣ್ಣ ಗುಂಡು, ಅದರ ಮೇಲೆ ತೆಳುವಾದ ಬೆಂಡು. ಎರೆಹುಳುವನ್ನು ಇಡಿಯಾಗಿ ಚುಚ್ಚಬಾರದು. ಅರ್ಧ ಇಂಚಿನ ತುಂಡು ಸಾಕು. ಬ್ಲೂಗಿಲ್‌ನ ಬಾಯಿ ಅಷ್ಟು ಚಿಕ್ಕದು. ಅಂಗಡಿಯಲ್ಲಿ ಮಾರುವ ನಿಂಬೆ ಗಾತ್ರದ ಕೆಂಪು ಬಿಳಿ ಬೆಂಡು ನೋಡಲು ಚೆಂದ, ಆದರೆ ಅದನ್ನು ಎಳೆಯುವಾಗ ಸಿಗುವ ತಡೆಯಿಂದಲೇ ಮೀನು ಎರೆಯನ್ನು ಉಗಿದು ಹೋಗುತ್ತದೆ.

ಎರೆ ತಳದಿಂದ ಒಂದು ಅಡಿ ಮೇಲೆ ತೂಗುವಂತೆ ಬೆಂಡನ್ನು ಹೊಂದಿಸಿ ಗಿಡಗಳ ಅಂಚಿಗೆ ಹಾಕಬೇಕು. ಮೊದಲು ಬೆಂಡು ಎರಡು ಮೂರು ಬಾರಿ ನಡುಗುತ್ತದೆ. ಆಗ ಎಳೆಯಬಾರದು. ಅದು ಓರೆಯಾಗಿ ಸರಿಯತೊಡಗಿದಾಗ ಅಥವಾ ಪೂರ್ತಿ ಮುಳುಗಿದಾಗ ಮಣಿಕಟ್ಟಿನಿಂದ ಸ್ವಲ್ಪ ಎತ್ತಿದರೆ ಸಾಕು. ಹತ್ತು ನಿಮಿಷ ಕಾದರೂ ಬೆಂಡು ನಡುಗದಿದ್ದರೆ ಆಳ ಬದಲಿಸಿ. ಆಮೇಲೂ ಇಲ್ಲದಿದ್ದರೆ ಜಾಗ ಬದಲಿಸಿ. ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಮೀನಿಲ್ಲ. ಬೆನ್ನಿನ ರೆಕ್ಕೆಯ ಮುಳ್ಳು ಚುಚ್ಚದಂತೆ, ತಲೆಯ ಕಡೆಯಿಂದ ಬಾಲದ ಕಡೆಗೆ ಒದ್ದೆ ಕೈಯನ್ನು ಸವರಿ ರೆಕ್ಕೆಯನ್ನು ಮಡಚಿ ಹಿಡಿಯುವುದನ್ನು ಅವರಿಗೆ ಮೊದಲೇ ತೋರಿಸಿಕೊಡಬೇಕು.

ಮೇ ಕೊನೆಯಿಂದ ಜೂನ್‌ವರೆಗೆ ಮರಳು ತಳದ, ಎರಡು ಮೂರು ಅಡಿ ಆಳದ ನೀರಿನಲ್ಲಿ ಊಟದ ತಟ್ಟೆಯಷ್ಟಗಲದ ತಿಳಿ ಬಣ್ಣದ ಕುಳಿಗಳು ಒಂದರ ಪಕ್ಕ ಒಂದು ಗುಂಪಾಗಿ ಕಾಣುತ್ತವೆ. ಅವು ಬ್ಲೂಗಿಲ್ ಗೂಡುಗಳು. ಪ್ರತಿ ಕುಳಿಯ ಮೇಲೂ ಒಂದು ಗಂಡು ಮೀನು ಬಾಲದಿಂದ ನೀರು ಬೀಸುತ್ತ, ಹತ್ತಿರ ಬಂದದ್ದನ್ನೆಲ್ಲ ಅಟ್ಟುತ್ತ ಮೊಟ್ಟೆ ಕಾಯುತ್ತಿರುತ್ತದೆ. ಆಗ ಅದು ಏನು ಹಾಕಿದರೂ ಕಚ್ಚುತ್ತದೆ, ಅರ್ಧ ಗಂಟೆಯಲ್ಲಿ ಬಕೆಟ್ ತುಂಬಿಸಬಹುದು, ಮತ್ತು ಒಂದು ಸರೋವರ ಹಾಳಾಗುವುದು ಹೀಗೆಯೇ. ದೊಡ್ಡ ಗಂಡುಗಳು ಇಲ್ಲವಾದಾಗ ಚಿಕ್ಕ ಗಂಡುಗಳು ಬೆಳೆಯುವುದನ್ನು ನಿಲ್ಲಿಸಿ ಬೇಗನೆ ಸಂತಾನಕ್ಕೆ ತೊಡಗುತ್ತವೆ. ಕೆಲವು ವರ್ಷಗಳಲ್ಲಿ ಅಂಗೈ ಅಗಲದ ಮೀನುಗಳೇ ಉಳಿಯುವುದಿಲ್ಲ. ರಾಜ್ಯದ ಸಾಮಾನ್ಯ ಮಿತಿ 20 ಇದ್ದರೂ ಹಲವು ಸರೋವರಗಳಲ್ಲಿ ಅದನ್ನು 10ಕ್ಕೆ ಅಥವಾ 5ಕ್ಕೆ ಇಳಿಸಿರುವುದು ಇದೇ ಕಾರಣಕ್ಕೆ. ಗೂಡಿನ ಮೇಲಿರುವ ದೊಡ್ಡ ಗಂಡನ್ನು ಬಿಟ್ಟುಬಿಡಿ ಎಂದು ನಾನು ಬೇಡಿಕೊಳ್ಳುತ್ತೇನೆ. ತಿನ್ನಲು ಏಳು ಇಂಚಿನವು ಸಾಕು.

ಕ್ರ್ಯಾಪಿ ಬೇರೆ ಸ್ವಭಾವದ್ದು. ಹಿಮ ಕರಗಿದ ಕೂಡಲೇ, ಕಪ್ಪು ಕೆಸರು ತಳವಿರುವ ಉತ್ತರ ದಡದ ಕೊಲ್ಲಿಗಳು ಬಿಸಿಲಿಗೆ ಎಲ್ಲಕ್ಕಿಂತ ಮೊದಲು ಬೆಚ್ಚಗಾಗುವುದರಿಂದ ಅದು ಅಲ್ಲಿಗೆ ಬರುತ್ತದೆ. ಬೇಸಿಗೆಯಲ್ಲಿ ನಡುನೀರಿನಲ್ಲಿ ತೇಲುತ್ತಿದ್ದು ಮುಸ್ಸಂಜೆಗೆ ಗಿಡಗಳ ಅಂಚಿಗೆ ಮೇಯಲು ಬರುತ್ತದೆ. ಅದು ಮೇಲ್ಮುಖವಾಗಿ ನೋಡಿ ತಿನ್ನುವ ಮೀನು. ಎರೆ ಅದರ ತಲೆಗಿಂತ ಒಂದು ಅಡಿ ಮೇಲಿರಬೇಕು, ಕೆಳಗಿದ್ದರೆ ಅದಕ್ಕೆ ಕಾಣುವುದೇ ಇಲ್ಲ. 1/32 ಔನ್ಸಿನ ಜಿಗ್ (ತಲೆಯಲ್ಲೇ ಗುಂಡು ಕೂಡಿಸಿದ ಗಾಳ) ಅಥವಾ ಒಂದೂವರೆ ಇಂಚಿನ ಮರಿಮೀನು ಸಾಕು. ತುಟಿಯ ಚರ್ಮ ಕಾಗದದಷ್ಟು ತೆಳುವಾದ್ದರಿಂದ ಜೋರಾಗಿ ಎಳೆದರೆ ಹರಿದುಹೋಗುತ್ತದೆ.

ಬಾಸ್

ಇಲ್ಲಿ ಎರಡು ಬಾಸ್‌ಗಳಿವೆ. ಬಾಯಿಯ ಮೂಲೆ ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿದ್ದರೆ ಲಾರ್ಜ್‌ಮೌತ್. ಕಣ್ಣಿನ ಕೆಳಗೇ ನಿಂತಿದ್ದು, ಮೈ ಕಂದು ಬಣ್ಣವಿದ್ದು ಬೆನ್ನಿನಿಂದ ಹೊಟ್ಟೆಯ ಕಡೆಗೆ ಇಳಿಯುವ ಪಟ್ಟೆಗಳಿದ್ದರೆ ಸ್ಮಾಲ್‌ಮೌತ್. ಮೊದಲನೆಯದಕ್ಕೆ ಮರೆ ಬೇಕು: ತಾವರೆ ಎಲೆ, ಜೊಂಡು, ಉರುಳಿದ ಮರ, ಅಟ್ಟಣೆಯ ನೆರಳು. ಎರಡನೆಯದಕ್ಕೆ ಕಲ್ಲು ಬೇಕು, ತಿಳಿನೀರು ಬೇಕು.

ಲಾರ್ಜ್‌ಮೌತ್‌ಗೆ ಆರು ಇಂಚಿನ ಪ್ಲಾಸ್ಟಿಕ್ ಹುಳುವನ್ನು ಗಾಳದ ಮೊನೆ ಹೊರಗೆ ಕಾಣದಂತೆ ಹುಳುವಿನ ಮೈಯೊಳಗೇ ಹುದುಗಿಸಿ ಹಾಕುವುದು ಎಲ್ಲಕ್ಕಿಂತ ನಂಬಿಕೆಯ ಉಪಾಯ, ಏಕೆಂದರೆ ಅದು ಗಿಡಗಳಿಗೆ ಸಿಕ್ಕಿಕೊಳ್ಳುವುದಿಲ್ಲ. ಅಟ್ಟಣೆಯ ನೆರಳಿನೊಳಕ್ಕೆ ಎಸೆದು ದಾರವನ್ನು ಸಡಿಲ ಬಿಟ್ಟು, ಹುಳು ತಾನಾಗಿ ಇಳಿಯಲು ಬಿಡಬೇಕು. ಹೆಚ್ಚಿನ ಕಡಿತಗಳು ಇಳಿಯುವಾಗಲೇ ಆಗುತ್ತವೆ, ಕೈಗೆ ಏನೂ ತಿಳಿಯುವುದಿಲ್ಲ. ನೀರಿನ ಮೇಲಿನ ದಾರ ಒಮ್ಮೆ ಮಿಡಿದು ಪಕ್ಕಕ್ಕೆ ಸರಿಯುವುದನ್ನು ಕಣ್ಣಿನಿಂದ ನೋಡಿ ಗುರುತಿಸಬೇಕು. ಸ್ಮಾಲ್‌ಮೌತ್‌ಗೆ ಸಿಹಿನೀರಿನ ಸಿಗಡಿಯಂಥ ಕ್ರೇಫಿಶ್ ಮುಖ್ಯ ಆಹಾರ, ಹಾಗಾಗಿ ಟ್ಯೂಬ್ ಎಂಬ ಕಂದು ಹಸಿರಿನ ಪ್ಲಾಸ್ಟಿಕ್ ಹುಸಿ ಎರೆಯನ್ನು ಕಲ್ಲುಗಳ ಮೇಲೆ ತಡವರಿಸುವಂತೆ ಎಳೆದರೆ ಸಾಕು. ಮಿಲ್ ಲ್ಯಾಕ್ಸ್ ಈ ಮೀನಿಗೆ ದೇಶದಲ್ಲೇ ಹೆಸರಾದದ್ದು. ನೀರು 60ರಿಂದ 65 ಡಿಗ್ರಿ ಫ್ಯಾರನ್‌ಹೀಟ್ ತಲುಪಿದಾಗ ಎರಡೂ ಗೂಡು ಕಟ್ಟುತ್ತವೆ ಮತ್ತು ಗಂಡೇ ಕಾಯುತ್ತದೆ. ಅದನ್ನು ಎತ್ತಿದ ಕೆಲವೇ ನಿಮಿಷಗಳಲ್ಲಿ ಬ್ಲೂಗಿಲ್‌ಗಳು ಮೊಟ್ಟೆ ತಿನ್ನಲು ನುಗ್ಗುತ್ತವೆ. ಹಿಡಿದರೆ ಕೂಡಲೇ ಅದೇ ಜಾಗದಲ್ಲಿ ಬಿಡಬೇಕು.

ಪೈಕ್

ಗಿಡಗಳ ಹಾಸಿನ ಹೊರ ಅಂಚಿನಲ್ಲಿ, ಆರರಿಂದ ಹದಿನೈದು ಅಡಿ ನೀರಿನಲ್ಲಿ ಅಲುಗಾಡದೆ ನಿಂತು ಎದುರಿಗೆ ಹಾದದ್ದರ ಮೇಲೆ ಎರಗುವ ಮೀನಿದು. ದಾರ 12 ಪೌಂಡಿಗಿಂತ ಕಡಿಮೆ ಬೇಡ, ಮತ್ತು ಗಾಳಕ್ಕೂ ದಾರಕ್ಕೂ ನಡುವೆ ಉಕ್ಕಿನ ತಂತಿಯ ತುಂಡು ಇರಲೇಬೇಕು, ಇಲ್ಲದಿದ್ದರೆ ಹಲ್ಲಿಗೆ ದಾರ ತುಂಡಾಗಿ ಗಾಳ ಮೀನಿನ ಬಾಯಲ್ಲೇ ಉಳಿಯುತ್ತದೆ. ಸ್ಪೂನ್ ಎಂಬ, ಚಮಚದಾಕಾರದ ಕೆಂಪು ಬಿಳಿ ಪಟ್ಟೆಯ ಲೋಹದ ಹುಸಿ ಎರೆ ಹಳೆಯ ಕಾಲದಿಂದಲೂ ಕೆಲಸ ಮಾಡುತ್ತಿದೆ. ಅದು ಗಿರಗಿರನೆ ಸುತ್ತದೆ, ಓಲಾಡುತ್ತ ಬರುವಷ್ಟು ನಿಧಾನವಾಗಿ ಸುತ್ತಿಕೊಳ್ಳಬೇಕು. ನಡುವೆ ಒಮ್ಮೊಮ್ಮೆ ನಿಲ್ಲಿಸಿ ಮುಳುಗಲು ಬಿಟ್ಟರೆ ಹಿಂದೆ ಬರುತ್ತಿದ್ದ ಪೈಕ್ ಆಗ ಕಚ್ಚುತ್ತದೆ. ದೊಡ್ಡ ಪೈಕ್‌ಗಳಿಗೆ ತಣ್ಣನೆಯ ನೀರು ಬೇಕಾದ್ದರಿಂದ ಜುಲೈ ಬಿಸಿಲಿನಲ್ಲಿ ದಡದ ಬಳಿ ಸಿಗುವುದು ಹೆಚ್ಚಾಗಿ ಚಿಕ್ಕವೇ.

ಪೈಕ್ ದೋಣಿಯ ಪಕ್ಕಕ್ಕೆ ಬಂದಾಗ ಸೋತಂತೆ ಕಂಡರೂ ಬಲೆ ಕಂಡ ಕೂಡಲೇ ಇನ್ನೊಮ್ಮೆ ಒದೆಯುತ್ತದೆ. ರೀಲಿನ ಬಿಗಿಯನ್ನು ಸ್ವಲ್ಪ ಸಡಿಲಿಸಿಟ್ಟಿರಬೇಕು. ಬಲೆಯನ್ನು ನೀರಿನಲ್ಲೇ ಇರಿಸಿ, ಉದ್ದ ಮೂಗಿನ ಇಕ್ಕಳದಿಂದ ಗಾಳದ ಕಾಲನ್ನು ಹಿಡಿದು ಬಂದ ದಾರಿಯಲ್ಲೇ ತಿರುಗಿಸಿ ತೆಗೆಯಬೇಕು. ಬಾಯಿಗೆ ಬೆರಳು ಹಾಕಲೇಬಾರದು. ಎತ್ತುವುದಾದರೆ ಕಿವಿರಿನ ಮುಚ್ಚಳದ ಒಳ ಅಂಚಿಗೆ ಬೆರಳು ಸೇರಿಸಿ, ಕೆಂಪು ಎಳೆಗಳನ್ನು ಮುಟ್ಟದೆ, ಇನ್ನೊಂದು ಕೈಯನ್ನು ಹೊಟ್ಟೆಯ ಕೆಳಗೆ ಕೊಟ್ಟು ಅಡ್ಡಲಾಗಿ ಎತ್ತಬೇಕು.

ಇದೇ ಆಕಾರದ ಮಸ್ಕಿ ಎಂಬ ಇನ್ನೊಂದು ಮೀನಿದೆ. ಪೈಕ್‌ನ ಗಾಢ ಮೈಮೇಲೆ ತಿಳಿ ಚುಕ್ಕೆಗಳು. ಮಸ್ಕಿಯ ತಿಳಿ ಮೈಮೇಲೆ ಗಾಢ ಗುರುತುಗಳು. ಮಸ್ಕಿ 54 ಇಂಚಿಗಿಂತ ಚಿಕ್ಕದಾಗಿದ್ದರೆ ಇಟ್ಟುಕೊಳ್ಳುವಂತಿಲ್ಲ, ಆದ್ದರಿಂದ ಅನುಮಾನ ಬಂದರೆ ಬಿಟ್ಟುಬಿಡುವುದೇ ಸರಿ. 2018ರಿಂದ ಪೈಕ್‌ಗೆ ರಾಜ್ಯವನ್ನು ಮೂರು ವಲಯಗಳಾಗಿ ವಿಂಗಡಿಸಲಾಗಿದೆ. ದಕ್ಷಿಣ ವಲಯದಲ್ಲಿ 24 ಇಂಚಿಗಿಂತ ಚಿಕ್ಕದನ್ನು ಬಿಡಬೇಕು. ಚಿಕ್ಕ ಪೈಕ್‌ಗಳು ಮಿತಿಮೀರಿರುವ ಉತ್ತರ ಮಧ್ಯ ವಲಯದಲ್ಲಿ 22ರಿಂದ 26 ಇಂಚಿನವನ್ನು ಬಿಟ್ಟು, ಹತ್ತರವರೆಗೆ ಇಟ್ಟುಕೊಳ್ಳಬಹುದು, ಅದರಲ್ಲಿ 26 ಇಂಚು ದಾಟಿದವು ಎರಡಕ್ಕಿಂತ ಹೆಚ್ಚಿರಬಾರದು.

ವಾಲೈ

ವಾಲೈ ಕಣ್ಣನ್ನು ಅರಿತವರಿಗೆ ವಾಲೈ ಸಿಗುತ್ತದೆ. ಅದರ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಮರಳಿಸುವ ಪದರವೊಂದಿದೆ. ಬೆಕ್ಕಿನ ಕಣ್ಣು ಕತ್ತಲಲ್ಲಿ ಹೊಳೆಯುವುದೂ ಅಂಥದೇ ಪದರದಿಂದ. ಅದರ ಬೇಟೆಯಾದ ಪರ್ಚ್ ಮೀನಿಗೆ ಈ ಅನುಕೂಲವಿಲ್ಲ. ಹಾಗಾಗಿ ಬೆಳಕು ಮಸುಕಾದಾಗಲೆಲ್ಲ ವಾಲೈಗೆ ಮೇಲುಗೈ: ಸೂರ್ಯ ಹುಟ್ಟುವ ಮುನ್ನಿನ ಹೊತ್ತು, ಮುಳುಗಿದ ನಂತರದ ಒಂದು ಗಂಟೆ, ಮೋಡದ ದಿನ, ಕದಡಿದ ನೀರು. ಗಾಳಿಗೆ ನೀರಿನ ಮೈ ಮುರಿದು ಅಲೆಯೆದ್ದರೆ ಬೆಳಕು ಒಳಕ್ಕೆ ಇಳಿಯುವುದು ಕಡಿಮೆಯಾಗುತ್ತದೆ, ಆದ್ದರಿಂದ ಗಾಳಿ ಬಂದು ಬಡಿಯುವ ದಡವೇ ವಾಲೈ ದಡ. ನಿಂತ ನೀರಿನ, ನೆತ್ತಿಯ ಬಿಸಿಲಿನ ಮಧ್ಯಾಹ್ನ ಆಳಕ್ಕೆ ಇಳಿದ ಮೀನನ್ನು ಹುಡುಕಲು ಶಬ್ದದಿಂದ ನೀರೊಳಗನ್ನು ತೋರಿಸುವ ಸೋನಾರ್ ಬೇಕು, ಅನುಭವವೂ ಬೇಕು. ಹೊಸಬರು ಆ ಹೊತ್ತಿನಲ್ಲಿ ಬ್ಲೂಗಿಲ್ ಹಿಡಿಯುತ್ತಿರಲಿ. ಮಿಲ್ ಲ್ಯಾಕ್ಸ್‌ಗೆ 2005ರಲ್ಲಿ ಜೀಬ್ರಾ ಮಸೆಲ್ ಎಂಬ ಚಿಪ್ಪುಜೀವಿ ಬಂದು ಸೇರಿದ ಮೇಲೆ ಅಲ್ಲಿನ ನೀರು ಹೆಚ್ಚು ತಿಳಿಯಾಗಿ, ಹಗಲು ವಾಲೈ ಹಿಡಿಯುವುದು ಮೊದಲಿಗಿಂತ ಕಷ್ಟವಾಗಿದೆ.

ಋತು ತೆರೆಯುವ ಮೇ ತಿಂಗಳಲ್ಲಿ ಮೊಟ್ಟೆಯಿಟ್ಟು ಮುಗಿಸಿದ ವಾಲೈಗಳು ತೊರೆಯ ಬಾಯಿ, ಜಲ್ಲಿಕಲ್ಲಿನ ದಡಗಳ ಹತ್ತಿರದಲ್ಲೇ, ಆರರಿಂದ ಹನ್ನೆರಡು ಅಡಿ ನೀರಿನಲ್ಲಿರುತ್ತವೆ. ಆಗ 1/8 ಔನ್ಸಿನ ಜಿಗ್‌ಗೆ ಶೈನರ್ ಮರಿಮೀನನ್ನು ಬಾಯಿಯಿಂದ ಚುಚ್ಚಿ, ತಳ ಮುಟ್ಟಿಸಿ, ಅರ್ಧ ಅಡಿ ಎತ್ತಿ, ಮತ್ತೆ ತಳ ಮುಟ್ಟಿಸುತ್ತ ದಡದ ಕಡೆಗೆ ತರಬೇಕು. ತಳ ತಾಗುವುದು ಕೈಗೆ ತಿಳಿಯದಿದ್ದರೆ ಜಿಗ್ ಹಗುರವಾಯಿತು ಎಂದರ್ಥ. ಗಾಳಿಯಿದ್ದರೆ 1/4 ಔನ್ಸಿಗೆ ಏರಿಸಿ. ಕಡಿತ ಎಂದರೆ ಜಗ್ಗಾಟವಲ್ಲ. ಒಂದು ಸಣ್ಣ ಟಕ್, ಅಥವಾ ಎತ್ತುವಾಗ ಜಿಗ್ ಇದ್ದಕ್ಕಿದ್ದಂತೆ ಒದ್ದೆ ಬಟ್ಟೆಯಂತೆ ಭಾರವಾಗುವುದು, ಅಷ್ಟೆ.

ನೀರು ಬೆಚ್ಚಗಾದ ಜೂನ್‌ನಿಂದ ಎರೆಯಾಗಿ ಜಿಗಣೆ ಮೇಲು. ತೂತಿರುವ ಗುಂಡಿನೊಳಗಿಂದ ದಾರ ಪೋಣಿಸಿ, ಅದರ ಕೆಳಗೆ ಸ್ವಿವೆಲ್ ಎಂಬ ತಿರುಗುವ ಸಣ್ಣ ಕೊಂಡಿ ಕಟ್ಟಿ, ಸ್ವಿವೆಲ್‌ನಿಂದ ನಾಲ್ಕು ಅಡಿ ತೆಳು ದಾರ ಬಿಟ್ಟು 6ನೇ ನಂಬರಿನ ಗಾಳಕ್ಕೆ ಜಿಗಣೆಯನ್ನು ಅದರ ಹೀರುಬಾಯಿಯ ಬಳಿ ಚುಚ್ಚಬೇಕು. ದಿಬ್ಬದ ಅಂಚಿನುದ್ದಕ್ಕೂ, ನಡೆಯುವುದಕ್ಕಿಂತ ನಿಧಾನವಾಗಿ ದೋಣಿಯನ್ನು ಸಾಗಿಸುತ್ತ, ರೀಲಿನಲ್ಲಿ ದಾರವನ್ನು ತಡೆದಿಡುವ ತಂತಿಯ ಬಳೆಯನ್ನು ತೆರೆದಿಟ್ಟು ದಾರವನ್ನು ತೋರುಬೆರಳಿಗೆ ಸಿಕ್ಕಿಸಿಕೊಂಡಿರಬೇಕು. ಮೀನು ಹಿಡಿದೊಡನೆ ಬೆರಳು ಬಿಟ್ಟರೆ ದಾರ ಗುಂಡಿನೊಳಗಿಂದ ಸರಾಗವಾಗಿ ಹರಿಯುತ್ತದೆ, ಮೀನಿಗೆ ಭಾರ ತಿಳಿಯುವುದಿಲ್ಲ. ಐದರಿಂದ ಹತ್ತು ಸೆಕೆಂಡು ಬಿಟ್ಟು, ಬಳೆ ಮುಚ್ಚಿ, ಸಡಿಲ ದಾರ ಸುತ್ತಿಕೊಂಡು, ಭಾರ ಸಿಕ್ಕಾಗ ಉದ್ದಕ್ಕೆ ಎಳೆಯಬೇಕು. ದೋಣಿಯಿಲ್ಲದವರು ಮುಸ್ಸಂಜೆಯಲ್ಲಿ ಅಟ್ಟಣೆಯ ತುದಿಯಿಂದ, ದಾರದ ಮೇಲೆ ಜಾರುವ ಬೆಂಡಿನ ಕೆಳಗೆ ಜಿಗಣೆಯನ್ನು ತಳದಿಂದ ಒಂದು ಅಡಿ ಮೇಲೆ ತೂಗಿಬಿಟ್ಟರೂ ವಾಲೈ ಬರುತ್ತದೆ.

ಹಿಡಿದ ಮೀನು, ಬಿಡುವ ಮೀನು

ಬಿಡುವ ಮೀನನ್ನು ಒದ್ದೆ ಕೈಯಲ್ಲಷ್ಟೇ ಮುಟ್ಟಬೇಕು, ಒಣಗಿದ ಕೈ ಅದರ ಮೈಯ ಲೋಳೆಯನ್ನು ಕಿತ್ತುಬಿಡುತ್ತದೆ. ಗಾಳ ಗಂಟಲಿಗೆ ಇಳಿದಿದ್ದರೆ ಕೀಳದೆ ದಾರವನ್ನೇ ಕತ್ತರಿಸಬೇಕು. ಮೂವತ್ತು ಅಡಿಗಿಂತ ಆಳದಿಂದ ಎತ್ತಿದ ಮೀನಿನ ಗಾಳಿಚೀಲ ಉಬ್ಬುವುದರಿಂದ ಅದು ಬಿಟ್ಟರೂ ಬದುಕುವುದು ಕಷ್ಟ. ಅಷ್ಟು ಆಳದಲ್ಲಿ ಹಿಡಿದು ಬಿಡುವ ಆಟ ಬೇಡ. ವಾಲೈಗಳಲ್ಲಿ 20 ಇಂಚು ದಾಟಿದ್ದನ್ನು ಒಂದಕ್ಕಿಂತ ಹೆಚ್ಚು ಇಟ್ಟುಕೊಳ್ಳಲು ಸಾಮಾನ್ಯ ನಿಯಮದಲ್ಲಿ ಅವಕಾಶವಿಲ್ಲ, ಆ ಒಂದೂ ಹೆಚ್ಚಾಗಿ ಮೊಟ್ಟೆಯಿಡುವ ಹೆಣ್ಣೇ ಆಗಿರುವುದರಿಂದ ಅದನ್ನೂ ಬಿಡುವುದು ಒಳ್ಳೆಯದು. ಸೀಸದ ಗುಂಡುಗಳ ಬದಲು ತವರ ಅಥವಾ ಟಂಗ್‌ಸ್ಟನ್ ಗುಂಡು ಕೊಳ್ಳಿ. ರಾಜ್ಯಪಕ್ಷಿಯಾದ ಲೂನ್ ತಳದ ಕಲ್ಲುಗಳ ಜೊತೆ ಸೀಸವನ್ನು ನುಂಗಿ ಸಾಯುತ್ತದೆ.

ಮೇ ತಿಂಗಳ ನೀರು ಕೈ ಮರಗಟ್ಟುವಷ್ಟು ತಣ್ಣಗಿರುತ್ತದೆ, ಈಜು ಬಂದರೂ ದೋಣಿಯಲ್ಲಿ ಲೈಫ್ ಜಾಕೆಟ್ ತೊಟ್ಟಿರಬೇಕು. ಹತ್ತು ವರ್ಷದೊಳಗಿನ ಮಕ್ಕಳಿಗೆ ಅದು ಕಾನೂನು. ಹೊರಡುವಾಗ ದೋಣಿಯ ಬಿರಡೆ ತೆಗೆದು ನೀರೆಲ್ಲ ಬಸಿದು, ಅಂಟಿಕೊಂಡ ಗಿಡದ ಎಳೆಗಳನ್ನು ಕಿತ್ತು ಹಾಕಬೇಕು. ಉಳಿದ ಮರಿಮೀನು, ಜಿಗಣೆ, ಎರೆಹುಳುಗಳನ್ನು ನೀರಿಗೆ ಸುರಿಯದೆ ಕಸದ ಡಬ್ಬಕ್ಕೆ ಹಾಕಬೇಕು. ಜೀಬ್ರಾ ಮಸೆಲ್ ಒಂದು ಸರೋವರದಿಂದ ಇನ್ನೊಂದಕ್ಕೆ ದಾಟುವುದು ಇಂಥ ಉಳಿದ ನೀರು ಮತ್ತು ಅಂಟಿದ ಗಿಡಗಳಿಂದಲೂ.

ಮೀನನ್ನು ಮಂಜುಗಡ್ಡೆಯಲ್ಲಿಟ್ಟು ಇಡಿಯಾಗಿ ಮನೆಗೆ ತನ್ನಿ. ಉದ್ದದ ನಿಯಮವಿರುವ ಸರೋವರದ ಬಳಿಯೇ ಕೊಯ್ದರೆ ಅಳೆಯಲು ಬರುವ ಅಧಿಕಾರಿಗೆ ತೋರಿಸಲು ಏನೂ ಇರುವುದಿಲ್ಲ. ವಾಲೈ ಮತ್ತು ಪರ್ಚ್‌ನ ಮಾಂಸ ಗಟ್ಟಿ, ಬಿಳಿ, ಮುಳ್ಳು ಕಡಿಮೆಯದ್ದು. ಖಾರದಪುಡಿ, ಅರಿಸಿನ, ನಿಂಬೆರಸ ಹಚ್ಚಿ ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಹುರಿದರೆ ಬೇರೇನೂ ಬೇಡ. ಪೈಕ್ ಮಾಂಸದ ನಡುವೆ ಕವಲು ಮುಳ್ಳುಗಳಿರುವುದರಿಂದ ಇಲ್ಲಿ ಅನೇಕರು ಅದನ್ನು ಬಿಟ್ಟುಬಿಡುತ್ತಾರೆ, ಆದರೆ ಗೆಂಡೆ ಮೀನು ತಿಂದು ಬೆಳೆದವರಿಗೆ ಅದೇನೂ ಹೊಸದಲ್ಲ. ತುಂಡಿನ ಮೇಲೆ ಕಾಲು ಇಂಚಿಗೊಂದರಂತೆ ಆಳವಾಗಿ ಗೀರು ಹಾಕಿ ಎಣ್ಣೆಯಲ್ಲಿ ಕರಿದರೆ ಸಣ್ಣ ಮುಳ್ಳುಗಳು ಗರಿಗರಿಯಾಗುತ್ತವೆ.

ದೊಡ್ಡ ವಾಲೈ, ದೊಡ್ಡ ಪೈಕ್‌ಗಳ ಮೈಯಲ್ಲಿ ವರ್ಷಗಳಿಂದ ಪಾದರಸ ಸೇರಿಕೊಂಡಿರುತ್ತದೆ. ರಾಜ್ಯದ ಆರೋಗ್ಯ ಇಲಾಖೆ ಯಾವ ಸರೋವರದ ಯಾವ ಮೀನನ್ನು ಎಷ್ಟು ತಿನ್ನಬಹುದು ಎಂಬ ಸೂಚನೆಗಳನ್ನು ಪ್ರಕಟಿಸುತ್ತದೆ. ಗರ್ಭಿಣಿಯರು, ಎದೆಹಾಲುಣಿಸುವ ತಾಯಂದಿರು ಮತ್ತು 15 ವರ್ಷದೊಳಗಿನ ಮಕ್ಕಳು ಇರುವ ಮನೆಯವರು ಅದನ್ನು ಓದಿಯೇ ಅಡುಗೆ ಮಾಡಬೇಕು. ಅವರ ತಟ್ಟೆಗೆ ಬ್ಲೂಗಿಲ್, ಕ್ರ್ಯಾಪಿ, ಪರ್ಚ್‌ಗಳಂಥ ಚಿಕ್ಕ ಮೀನುಗಳನ್ನು ಬಡಿಸುವುದು ಒಳ್ಳೆಯದು.